ಒಡೆದ ಅಕ್ಷರವೇ ಕೊಡುವ ಸುಳಿವು

ಪುಣೆ ಜಿಲ್ಲೆಯ ಬಾರಾಮತಿ ಎಂದೊಡನೆ ಕಬ್ಬು, ದ್ರಾಕ್ಷಿ, ರಾಜಕಾರಣ ನೆನಪಾಗುತ್ತವೆ. ಅಂತರಜಾಲದಲ್ಲಿ ನಮ್ಮ ಭಾಷೆಗಳು ಕಾಲೂರಿದ ಕಥೆಯಲ್ಲೂ ಆ ಊರಿಗೆ ಒಂದು ಜಾಗವಿದೆ. ಆಗ ಮುಂಬೈ ಐಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಕೃತಿ ರಾಮಾಮೃತಂ ಅವರ ತಂಡ 2003ರಲ್ಲಿ ‘ಆಕ್ವಾ’ ಎಂಬ ಪ್ರಶ್ನೋತ್ತರ ಜಾಲತಾಣವನ್ನು ಶುರುಮಾಡಿತು. ರೈತರು ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು, ಬಾರಾಮತಿಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರು ಉತ್ತರ ಬರೆಯುವುದು. ಇವತ್ತು ಇದು ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮುಗಿಯುವ ಕೆಲಸ. ಆಗ ಹಾಗಿರಲಿಲ್ಲ. ರೈತ ಮರಾಠಿಯಲ್ಲಿ ಟೈಪ್ ಮಾಡಿದ ಪದ ತಜ್ಞರ ಪರದೆಯ ಮೇಲೂ ಅದೇ ಪದವಾಗಿ ಮೂಡಬೇಕಿತ್ತು. ಮುಂದಿನ ಹಂಗಾಮಿನಲ್ಲಿ ಬೇರೊಬ್ಬ ಅದೇ ರೋಗದ ಬಗ್ಗೆ ಹುಡುಕಿದರೆ ಹಳೆಯ ಉತ್ತರ ಸಿಗಬೇಕಿತ್ತು. ಇವೆರಡೂ ತಾವಾಗಿಯೇ ಆಗುವ ಕಾಲ ಅದಲ್ಲ.

ಏಕೆಂದರೆ ಆ ದಿನಗಳಲ್ಲಿ ಮರಾಠಿಯ ಬಹುಪಾಲು ಪುಟಗಳು ಇಂತಿಂಥ ಫಾಂಟಿಗೆಂದೇ ಕಟ್ಟಿದವು. ಪುಣೆಯೇ ಈ ಫಾಂಟ್ ಉದ್ಯಮದ ತವರು: ಸರ್ಕಾರಿ ಗಣಕ ಸಂಸ್ಥೆ ಸಿ-ಡ್ಯಾಕ್ ಅಲ್ಲಿ 1988ರಿಂದ ಇದೆ, ಶ್ರೀಲಿಪಿ ತಂತ್ರಾಂಶ ಹೊರಬಂದದ್ದೂ ಅಲ್ಲಿಂದಲೇ. ನಮ್ಮ ಕಡೆ 1998ರಲ್ಲಿ ‘ಬರಹ’ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಪತ್ರಿಕೆಗಳದ್ದು ಅವರವರದೇ ಫಾಂಟು. ಒಂದು ಪತ್ರಿಕೆಯ ಫಾಂಟ್ ಇಳಿಸಿಕೊಂಡರೆ ಇನ್ನೊಂದು ಪತ್ರಿಕೆ ಓದಲು ಬರುತ್ತಿರಲಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ತಾನಾಗಿ ಇಳಿಯುವ ಫಾಂಟು ನೆಟ್‌ಸ್ಕೇಪ್‌ನಲ್ಲಿ ಇಳಿಯುತ್ತಿರಲಿಲ್ಲ. ಅಲ್ಲಿಗೆ ಬೇರೆಯದೇ ತಂತ್ರ ಬೇಕಿತ್ತು.

ಯೂನಿಕೋಡ್ ಬಂದು ಎಲ್ಲ ಸರಿಹೋಯಿತು ಎಂದು ನಾವು ಹೇಳಿಕೊಳ್ಳುತ್ತೇವೆ. ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ತೊಂದರೆ ಇವತ್ತಿಗೂ ಶಾಲೆ, ಸಹಕಾರ ಸಂಘ, ಸಣ್ಣ ಪತ್ರಿಕೆ, ಮಠ, ಪಂಚಾಯಿತಿಗಳ ಜಾಲತಾಣ ನಡೆಸುವವರನ್ನು ಕಾಡುತ್ತಲೇ ಇದೆ. ಅಕ್ಷರ ಒಡೆದದ್ದು ಕಂಡರೆ ಎಲ್ಲರೂ ಮಾಡುವ ಮೊದಲ ಕೆಲಸ ಫಾಂಟ್ ಬದಲಿಸುವುದು. ಹತ್ತರಲ್ಲಿ ಎಂಟು ಸಲ ಅದು ತಪ್ಪು ಚಿಕಿತ್ಸೆ. ಅಕ್ಷರ ಹೇಗೆ ಒಡೆದಿದೆ ಎಂಬುದನ್ನು ಸರಿಯಾಗಿ ನೋಡಿದರೆ ಎಲ್ಲಿ ಒಡೆದಿದೆ ಎಂಬುದು ಗೊತ್ತಾಗುತ್ತದೆ. ಅದಕ್ಕೆ ಮೊದಲು ಏನನ್ನೂ ಮುಟ್ಟಬಾರದು.

ಕಸದಲ್ಲಿ ಐದು ಬಗೆ

ಮೊದಲನೆಯದು ಖಾಲಿ ಚೌಕ, ಅಂದರೆ ಡಬ್ಬ. ಇದು ಎಲ್ಲಕ್ಕಿಂತ ಸಾಧು. ಅಕ್ಷರ ಸರಿಯಾಗಿಯೇ ಬಂದಿದೆ, ಅದನ್ನು ಬರೆಯಬಲ್ಲ ಫಾಂಟು ಓದುಗರ ಯಂತ್ರದಲ್ಲಿಲ್ಲ, ಅಷ್ಟೇ. ಪುಟಕ್ಕೆ ಒಂದು ವೆಬ್ ಫಾಂಟ್ ಜೋಡಿಸಿದರೆ ಮುಗಿಯಿತು. ಹೊಸದಾಗಿ ಸೇರಿದ ಅಕ್ಷರಗಳು ಹಳೆಯ ಫೋನುಗಳಲ್ಲಿ ಹೀಗೇ ಕಾಣುತ್ತವೆ. ಹಳಗನ್ನಡದ ನಕಾರ ಪೊಲ್ಲು ಯೂನಿಕೋಡಿಗೆ ಸೇರಿದ್ದು 2021ರಲ್ಲಿ, ಹದಿನಾಲ್ಕನೆಯ ಆವೃತ್ತಿಯಲ್ಲಿ. ಹಳೆಯ ಫೋನಿಗೆ ಅದರ ಪರಿಚಯವೇ ಇಲ್ಲ.

ಎರಡನೆಯದು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಕನ್ನಡವೇ ಗೊತ್ತಿಲ್ಲದ ಸಂಕೇತಪಟ್ಟಿಗೆ ಯಾರೋ ಕನ್ನಡವನ್ನು ತುರುಕಿದ್ದಾರೆ, ಅದು ಪ್ರತಿ ಅಕ್ಷರವನ್ನೂ ಪ್ರಶ್ನೆಯಾಗಿ ಬದಲಿಸಿಬಿಟ್ಟಿದೆ. ಮೂಲ ಅಳಿಸಿಹೋಗಿರುತ್ತದೆ. ಯಾವ ಸಲಕರಣೆಯಿಂದಲೂ ವಾಪಸು ಬರುವುದಿಲ್ಲ. ಬ್ಯಾಕಪ್ ಇದ್ದರೆ ಅದೃಷ್ಟ. ಕಚೇರಿಗಳಲ್ಲಿ ಇದು ಹೆಚ್ಚಾಗಿ ಆಗುವುದು ಎಸ್‌ಕ್ಯುಎಲ್ ಸರ್ವರ್ ಬಳಸುವ ಕಡೆ. ಕಾಲಮ್ಮನ್ನು ಯೂನಿಕೋಡ್ ಹಿಡಿಯುವ ‘ಎನ್‌ವಾರ್‌ಚಾರ್’ ಮಾಡಿರುತ್ತಾರೆ, ಆದರೆ ಕೋಡಿನಲ್ಲಿ ನೇರವಾಗಿ ಬರೆದ ಪಠ್ಯದ ಮುಂದೆ ದೊಡ್ಡ ‘ಎನ್’ ಅಕ್ಷರ ಹಾಕುವುದನ್ನು ಮರೆತಿರುತ್ತಾರೆ. ಕಾಲಮ್ಮು ಸರಿಯಿದ್ದರೂ ಅಲ್ಲಿಗೆ ತಲುಪುವಷ್ಟರಲ್ಲಿ ಪಠ್ಯ ಪ್ರಶ್ನೆಯಾಗಿರುತ್ತದೆ.

ಮೂರನೆಯದು ಕಪ್ಪು ವಜ್ರಾಕೃತಿಯೊಳಗೆ ಕೂತ ಪ್ರಶ್ನಾರ್ಥಕ. ಬ್ರೌಸರ್ ಪುಟವನ್ನು ಯುಟಿಎಫ್-8, ಅಂದರೆ ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಕ್ರಮ, ಎಂದುಕೊಂಡು ಓದುತ್ತಿದೆ, ಆದರೆ ಮಧ್ಯೆ ಎಲ್ಲೋ ಆ ಕ್ರಮಕ್ಕೆ ಹೊಂದದ ಬೈಟು ಸಿಕ್ಕಿದೆ. ಪುಟದ ತುಂಬ ಇದೇ ಇದ್ದರೆ ಕಡತವೇ ಬೇರೆ ಸಂಕೇತದಲ್ಲಿದೆ ಎಂದರ್ಥ. ಸುದ್ದಿಯ ಸಾರಾಂಶದ ಕೊನೆಯಲ್ಲಿ ಒಂದೇ ಒಂದು ಕಂಡರೆ ಅರ್ಥ ಬೇರೆ: ಯಾರೋ ಅಕ್ಷರದ ನಟ್ಟನಡುವೆ ಕತ್ತರಿಸಿದ್ದಾರೆ. ಆ ವಿಷಯ ಮುಂದೆ ಬರುತ್ತದೆ.

ನಾಲ್ಕನೆಯದನ್ನು ವಿವರವಾಗಿ ನೋಡಬೇಕು, ದಿನಬಳಕೆಯಲ್ಲಿ ನಮಗೆ ಹೆಚ್ಚು ಸಿಗುವುದು ಇದೇ. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟು. ‘ಕ’ ಎಂದರೆ ಹದಿನಾರರ ಎಣಿಕೆಯಲ್ಲಿ ಇ0, ಬಿ2, 95. ಇದನ್ನು ಪಶ್ಚಿಮ ಯುರೋಪಿನ ಹಳೆಯ ವಿಂಡೋಸ್-1252 ಪಟ್ಟಿಯಂತೆ ಓದಿದರೆ ಮೂರು ಬೇರೆಬೇರೆ ಅಕ್ಷರ ಕಾಣುತ್ತವೆ: ತಲೆಯ ಮೇಲೆ ಓರೆಗೀಟು ಹೊತ್ತ ಸಣ್ಣ ‘ಎ’, ಸಾಲಿನಿಂದ ಮೇಲೇರಿದ ಪುಟ್ಟ ‘2’, ಆಮೇಲೆ ಒಂದು ಗುಂಡು ಚುಕ್ಕಿ. ಪುಟದ ತುಂಬ ಗೀಟಿನ ‘ಎ’ ಪಕ್ಕ ಮೇಲೇರಿದ 2 ಅಥವಾ 3 ಮತ್ತೆಮತ್ತೆ ಬರುತ್ತಿದ್ದರೆ ಒಳಗಿರುವುದು ಕನ್ನಡ. ಗೀಟಿನ ‘ಎ’ ಪಕ್ಕ ಜಪಾನಿನ ಯೆನ್ ಗುರುತೋ, ನಾಲ್ಕು ಮೂಲೆಗೂ ಕಾಲು ಚಾಚಿದ ಸಣ್ಣ ಸೊನ್ನೆಯೋ ಬರುತ್ತಿದ್ದರೆ ಒಳಗಿರುವುದು ದೇವನಾಗರಿ, ಎಂದರೆ ಮರಾಠಿ ಅಥವಾ ಹಿಂದಿ. ಓದಲಾಗದ ಕಸವನ್ನು ನೋಡಿಯೇ ಭಾಷೆ ಹೇಳಿಬಿಡಬಹುದು. ಇಲ್ಲಿ ಮೂಲ ಸುರಕ್ಷಿತ, ಓದುವ ರೀತಿ ಮಾತ್ರ ತಪ್ಪಿದೆ. ಹೆಚ್ಚಿನ ಸಂದರ್ಭದಲ್ಲಿ ಪೂರ್ತಿ ಸರಿಪಡಿಸಬಹುದು.

ಐದನೆಯದು ನೋಡಲು ನಾಲ್ಕನೆಯದರಂತೆಯೇ ಇರುತ್ತದೆ, ಹಾಗಾಗಿ ಹೊಸಬರು ಮೋಸಹೋಗುತ್ತಾರೆ. ಗೀಟು ಹೊತ್ತ ‘ಎ’ ಇಲ್ಲೂ ಇದೆ, ಆದರೆ ಅದು ದೊಡ್ಡ ‘ಎ’. ಜೊತೆಗೆ ಮಾಮೂಲಿ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಬ್ರಿಟನ್ನಿನ ಪೌಂಡ್ ಗುರುತು. ‘ಕನ್ನಡ’ ಎಂಬ ಪದ ದೊಡ್ಡ ‘ಪಿ’ಯಿಂದ ಶುರುವಾಗಿ ಪೌಂಡ್ ದಾಟಿ ಸಣ್ಣ ‘ಕ್ಯು’ ಹಾಯ್ದು ಮುಗಿಯುತ್ತದೆ. ಇದು ನುಡಿಯ ಹಳೆಯ ಫಾಂಟ್ ಸಂಕೇತ. ಯಂತ್ರದ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ, ಕನ್ನಡದ ವೇಷ ತೊಟ್ಟ ಇಂಗ್ಲಿಷ್. ಬ್ರೌಸರ್‌ನ ಎನ್‌ಕೋಡಿಂಗ್ ಎಷ್ಟು ಬದಲಿಸಿದರೂ ಇದು ಸರಿಯಾಗದು, ಪರಿವರ್ತಕವೇ ಬೇಕು. ನುಡಿ ಮತ್ತು ಬರಹದ ಜೊತೆಯಲ್ಲೇ ಅಂಥ ಪರಿವರ್ತಕಗಳು ಬರುತ್ತವೆ.

ಪರಿವರ್ತಿಸಿದ ಮೇಲೆ ಎರಡು ಕಡೆ ಕಣ್ಣಿಡಿ. ಒಂದು, ಅರ್ಕಾವತ್ತು. ಹಳೆಯ ಫಾಂಟುಗಳಲ್ಲಿ ‘ಧರ್ಮ’ ಬರೆಯುವಾಗ ಕಣ್ಣಿಗೆ ಕಾಣುವ ಕ್ರಮದಲ್ಲಿ ‘ಮ’ ಮೊದಲು, ಅರ್ಕಾವತ್ತು ನಂತರ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ‘ರ’ ಮೊದಲು. ಕಳಪೆ ಪರಿವರ್ತಕ ಇಲ್ಲೇ ಎಡವುತ್ತದೆ. ಇನ್ನೊಂದು, ನಡುವೆ ಬಂದ ನಿಜವಾದ ಇಂಗ್ಲಿಷ್ ಪದ. ಪರಿವರ್ತಕಕ್ಕೆ ಅದೂ ಕನ್ನಡವೇ. ಮಿಂಚಂಚೆ ವಿಳಾಸ ಅರ್ಥವಿಲ್ಲದ ಕನ್ನಡ ಅಕ್ಷರಗಳ ಸಾಲಾಗಿ ಹೊರಬರುತ್ತದೆ.

ಎಲ್ಲಿ ಕೆಟ್ಟಿತು?

ನಾಲ್ಕನೆಯ ಬಗೆಯದ್ದು ಎಂದು ಖಚಿತವಾದರೆ ಹುಡುಕಾಟ ಓದುಗನ ತುದಿಯಿಂದ ಶುರುವಾಗಲಿ. ಪುಟ ತೆರೆದು ಎಫ್12 ಒತ್ತಿ, ಕನ್ಸೋಲಿನಲ್ಲಿ ‘ಡಾಕ್ಯುಮೆಂಟ್ ಡಾಟ್ ಕ್ಯಾರೆಕ್ಟರ್‌ಸೆಟ್’ ಎಂದು ಕೇಳಿದರೆ ಬ್ರೌಸರ್ ಆ ಪುಟವನ್ನು ಯಾವ ಸಂಕೇತದಲ್ಲಿ ಓದಿತು ಎಂದು ಹೇಳುತ್ತದೆ. ಅದು ಯುಟಿಎಫ್-8 ಅಲ್ಲದಿದ್ದರೆ ತಪ್ಪು ಘೋಷಣೆಯಲ್ಲಿದೆ. ಯುಟಿಎಫ್-8 ಎಂದೇ ಹೇಳಿ ಪುಟ ಕಸವಾಗಿದ್ದರೆ ಕಸ ಡೇಟಾಬೇಸಿನಿಂದಲೇ ಬರುತ್ತಿದೆ. ಈ ಒಂದು ಪ್ರಶ್ನೆ ಅರ್ಧ ದಿನದ ಕೆಲಸ ಉಳಿಸುತ್ತದೆ.

ಘೋಷಣೆ ಮೂರು ಕಡೆ ಇರಬಹುದು, ಮೂವರೂ ಒಂದೇ ಮಾತು ಹೇಳದಿದ್ದರೆ ಯಾರ ಮಾತು ನಡೆಯುತ್ತದೆ ಎಂಬ ಕ್ರಮವಿದೆ. ಕಡತದ ತಲೆಯಲ್ಲಿ ಬಿಒಎಂ ಎಂಬ ಕಾಣದ ಗುರುತಿದ್ದರೆ ಅದರದ್ದೇ ಕೊನೆಯ ಮಾತು. ಅದಿಲ್ಲದಿದ್ದರೆ ಸರ್ವರ್ ಕಳಿಸುವ ‘ಕಂಟೆಂಟ್-ಟೈಪ್’ ಹೆಡರ್. ಅದೂ ಸುಮ್ಮನಿದ್ದರೆ ಮಾತ್ರ ಪುಟದೊಳಗಿನ ಮೆಟಾ ಟ್ಯಾಗ್. ‘ನಾನು ಮೆಟಾ ಟ್ಯಾಗ್ ಹಾಕಿದ್ದೇನೆ, ಆದರೂ ಬರುತ್ತಿಲ್ಲ’ ಎನ್ನುವವರ ಪುಟಗಳಲ್ಲಿ ಸಾಮಾನ್ಯವಾಗಿ ಸರ್ವರ್ ಹೆಡರ್ ಬೇರೆಯೇನನ್ನೋ ಹೇಳುತ್ತಿರುತ್ತದೆ. ಅಪಾಚೆಯಲ್ಲಿ ‘ಆ್ಯಡ್‌ಡಿಫಾಲ್ಟ್‌ಚಾರ್‌ಸೆಟ್’, ಎಂಜಿನ್‌ಎಕ್ಸ್‌ನಲ್ಲಿ ‘ಚಾರ್‌ಸೆಟ್’ ಎಂಬ ಒಂದು ಸಾಲು ಇದನ್ನು ಸರಿಮಾಡುತ್ತದೆ. ಮೆಟಾ ಟ್ಯಾಗನ್ನು ಪುಟದ ಮೊದಲ 1024 ಬೈಟುಗಳ ಒಳಗೇ ಬರೆಯಬೇಕು. ಅದಕ್ಕಿಂತ ಮೇಲೆ ಉದ್ದುದ್ದ ಟಿಪ್ಪಣಿ, ಸ್ಕ್ರಿಪ್ಟುಗಳನ್ನು ತುಂಬಿದರೆ ಬ್ರೌಸರ್ ಅಲ್ಲಿಯವರೆಗೆ ಕಾಯುವುದಿಲ್ಲ.

ಬಿಒಎಂ ಬಗ್ಗೆ ಒಂದು ಮಾತು. ಪಿಎಚ್‌ಪಿ ಕಡತದಲ್ಲಿ ಅದು ಇರಲೇಬಾರದು, ಹೆಡರ್ ಕಳಿಸುವ ಮೊದಲೇ ಅದು ಹೊರಗೆ ಬಿದ್ದು ತಕರಾರು ಎಬ್ಬಿಸುತ್ತದೆ. ಆದರೆ ಎಕ್ಸೆಲ್‌ನಲ್ಲಿ ತೆರೆಯಬೇಕಾದ ಸಿಎಸ್‌ವಿ ಕಡತಕ್ಕೆ ಅದು ಬೇಕೇಬೇಕು, ಇಲ್ಲವಾದರೆ ಸದಸ್ಯರ ಪಟ್ಟಿಯ ಹೆಸರುಗಳೆಲ್ಲ ನಾಲ್ಕನೆಯ ಬಗೆಯ ಕಸ. ಹೊಸ ಎಕ್ಸೆಲ್‌ನಲ್ಲಿ ‘ಸಿಎಸ್‌ವಿ ಯುಟಿಎಫ್-8’ ಎಂದೇ ಉಳಿಸುವ ಆಯ್ಕೆಯಿದೆ, ಅದು ಗುರುತನ್ನು ತಾನೇ ಹಾಕುತ್ತದೆ. ವಿಂಡೋಸಿನ ನೋಟ್‌ಪ್ಯಾಡು 2019ರ ಪರಿಷ್ಕರಣೆಯ ನಂತರ ಗುರುತಿಲ್ಲದ ಯುಟಿಎಫ್-8ರಲ್ಲೇ ಉಳಿಸುತ್ತದೆ. ಹಳೆಯ ಯಂತ್ರದಲ್ಲಿ ‘ಆನ್ಸಿ’ ಎಂದು ಉಳಿಸಿ, ಎಚ್ಚರಿಕೆಯ ಪೆಟ್ಟಿಗೆಗೆ ‘ಓಕೆ’ ಒತ್ತಿದವರ ಕನ್ನಡವೆಲ್ಲ ಎರಡನೆಯ ಬಗೆಯಲ್ಲಿ ಕಳೆದುಹೋಗಿದೆ.

ಡೇಟಾಬೇಸಿನೊಳಗಿನ ಕಸ

ಮೈಎಸ್‌ಕ್ಯುಎಲ್ ಬಳಸುವ ಜಾಲತಾಣಗಳಲ್ಲಿ ಬಲು ಮಜವಾದ ಒಂದು ರೋಗವಿದೆ. 2018ರಲ್ಲಿ ಬಂದ 8.0 ಆವೃತ್ತಿಗೆ ಮುಂಚೆ ಅದರ ಮೂಲ ಸಂಕೇತ ‘ಲ್ಯಾಟಿನ್1’ ಆಗಿತ್ತು. ಜಾಲತಾಣ ಯುಟಿಎಫ್-8ರ ಬೈಟು ಕೊಡುತ್ತದೆ, ಡೇಟಾಬೇಸ್ ಅದನ್ನು ಲ್ಯಾಟಿನ್ ಎಂದು ನಂಬಿ ಇಟ್ಟುಕೊಳ್ಳುತ್ತದೆ, ಕೇಳಿದಾಗ ಹಾಗೆಯೇ ವಾಪಸು ಕೊಡುತ್ತದೆ. ಪರದೆಯ ಮೇಲೆ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಎರಡು ತಪ್ಪು ಸೇರಿ ಒಂದು ಸರಿ! ವರ್ಷಗಟ್ಟಲೆ ಹೀಗೇ ನಡೆಯುತ್ತದೆ. ಒಂದು ದಿನ ಹೊಸ ಸರ್ವರಿಗೆ ಹೋಗುತ್ತೀರಿ, ಹೊಸ ಸಂಪರ್ಕ ನಿಜ ಹೇಳಲು ಶುರುಮಾಡುತ್ತದೆ, ಹತ್ತು ವರ್ಷದ ಬರಹವೆಲ್ಲ ಕಸವಾಗಿ ಎದುರಿಗೆ ನಿಲ್ಲುತ್ತದೆ.

ಇದಕ್ಕೆ ಮದ್ದಿದೆ. ಮೊದಲು ಪೂರ್ತಿ ಬ್ಯಾಕಪ್, ಅದೂ ಬೈಟುಗಳನ್ನು ಮುಟ್ಟದ ಬ್ಯಾಕಪ್. ಆಮೇಲೆ ಆ ಕಾಲಮ್ಮನ್ನು ನೇರವಾಗಿ ಯುಟಿಎಫ್-8ಕ್ಕೆ ಬದಲಿಸಬೇಡಿ, ಹಾಗೆ ಮಾಡಿದರೆ ಕಸವೇ ಅಧಿಕೃತವಾಗುತ್ತದೆ. ಮೊದಲು ‘ಬ್ಲಾಬ್’ ಮಾಡಿ. ಆಗ ಡೇಟಾಬೇಸಿಗೆ ಅದು ಅಕ್ಷರವಲ್ಲ, ಬರೀ ಬೈಟು. ನಂತರ ಆ ಬ್ಲಾಬನ್ನು ‘ಯುಟಿಎಫ್8ಎಂಬಿ4’ ಸಂಕೇತದ ಪಠ್ಯ ಮಾಡಿ. ಬೈಟುಗಳು ಇದ್ದಲ್ಲೇ ಇದ್ದು ಅವುಗಳ ಮೇಲಿನ ಹೆಸರುಚೀಟಿ ಮಾತ್ರ ಬದಲಾಗುತ್ತದೆ. ಮೊದಲು ಒಂದು ನಕಲು ಟೇಬಲ್ಲಿನ ಮೇಲೆ ಮಾಡಿ ನೋಡಿ. ಸಂಪರ್ಕ ತೆರೆಯುವಾಗಲೂ ಇದೇ ಸಂಕೇತವನ್ನು ಹೇಳುವುದನ್ನು ಮರೆಯಬೇಡಿ, ಇಲ್ಲದಿದ್ದರೆ ರೋಗ ಹಿಂಬಾಗಿಲಿನಿಂದ ಬರುತ್ತದೆ.

ಪರದೆಯ ಮೇಲಿನ ಕಸವನ್ನು ನಕಲು ಮಾಡಿಕೊಂಡು ಯಾವುದೋ ಆನ್‌ಲೈನ್ ಸಲಕರಣೆಗೆ ಕೊಟ್ಟು ಸರಿಪಡಿಸಲು ಹೋಗುವವರಿಗೆ ಒಂದು ವಿಚಿತ್ರ ಎದುರಾಗುತ್ತದೆ. ಹೆಚ್ಚಿನ ಅಕ್ಷರ ವಾಪಸು ಬರುತ್ತವೆ, ಆದರೆ ಕೊಂಬು ಮತ್ತು ಒತ್ತುಗಳೆಲ್ಲ ಮಾಯ. ಕಾರಣ ಹೀಗಿದೆ. ವಿಂಡೋಸ್-1252 ಪಟ್ಟಿಯಲ್ಲಿ ಐದು ಮನೆಗಳು ಖಾಲಿ: 81, 8ಡಿ, 8ಎಫ್, 90 ಮತ್ತು 9ಡಿ. ನಮ್ಮ ದುರದೃಷ್ಟಕ್ಕೆ ಕೊಂಬಿನ ಕೊನೆಯ ಬೈಟು 81, ಅಕ್ಷರಗಳನ್ನು ಒತ್ತಾಗಿ ಜೋಡಿಸುವ ವಿರಾಮದ ಕೊನೆಯ ಬೈಟು 8ಡಿ. ‘ಏ’, ‘ಐ’, ‘ಝ’ಗಳ ಕೊನೆಯ ಬೈಟುಗಳು ಉಳಿದ ಮೂರು. ಖಾಲಿ ಮನೆಯ ಬೈಟು ಪರದೆಯಲ್ಲಿ ಕಾಣುವುದಿಲ್ಲ, ನಕಲು ಮಾಡುವಾಗ ಬಿದ್ದುಹೋಗುತ್ತದೆ. ಮರಾಠಿಯವರ ಪಾಡೂ ಇದೇ, ಅವರ ಉಕಾರ ಮತ್ತು ಹಲಂತಗಳೂ ಕೊನೆಗೊಳ್ಳುವುದು 81 ಮತ್ತು 8ಡಿಯಲ್ಲಿ. ಯೂನಿಕೋಡಿನ ಭಾರತೀಯ ಲಿಪಿಗಳು ಇಸ್ಕಿ ಎಂಬ ನಮ್ಮ ದೇಶದ ಮಾನಕದ ಅಚ್ಚಿನಲ್ಲಿ ಒಂದೇ ಸಾಲುಕ್ರಮದಲ್ಲಿ ಕೂತಿರುವುದರಿಂದ ಕನ್ನಡದ ಕಾಯಿಲೆ ದೇವನಾಗರಿಗೂ ಹಾಗೆಯೇ ಬರುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವ ಪಠ್ಯವನ್ನು ನಂಬಬೇಡಿ. ಕಡತವನ್ನೇ, ಬೈಟುಗಳನ್ನೇ ದುರಸ್ತಿ ಮಾಡಿ.

ಇನ್ನೊಂದು ಬಲೆ ‘ಯುಟಿಎಫ್8’ ಎಂಬ ಹೆಸರಿನದೇ. ಮೈಎಸ್‌ಕ್ಯುಎಲ್‌ನಲ್ಲಿ ಬಹುಕಾಲ ಈ ಹೆಸರಿನಲ್ಲಿದ್ದದ್ದು ಅಕ್ಷರಕ್ಕೆ ಮೂರು ಬೈಟು ಮೀರದ ಅರೆಬರೆ ರೂಪ. ಕನ್ನಡಕ್ಕೆ ಮೂರೇ ಸಾಕಾದ್ದರಿಂದ ನಮಗೆ ಕೊರತೆ ಗೊತ್ತಾಗುವುದೇ ಇಲ್ಲ. ಓದುಗರೊಬ್ಬರು ಪ್ರತಿಕ್ರಿಯೆಯ ನಡುವೆ ನಗುಮುಖದ ಇಮೋಜಿ ಹಾಕುತ್ತಾರೆ. ಅದಕ್ಕೆ ನಾಲ್ಕು ಬೈಟು ಬೇಕು. ಸೆಟ್ಟಿಂಗಿಗೆ ತಕ್ಕಂತೆ ಒಂದೋ ಇಡೀ ಬರಹ ತಿರಸ್ಕೃತ, ಇಲ್ಲವೇ ಇಮೋಜಿಯಿಂದ ಮುಂದಿನದ್ದೆಲ್ಲ ಕತ್ತರಿ. ಹೊಸ ಕೆಲಸಕ್ಕೆ ‘ಯುಟಿಎಫ್8ಎಂಬಿ4’ ಬಿಟ್ಟು ಬೇರೆ ಯೋಚನೆಯೇ ಬೇಡ.

ಕತ್ತರಿಸುವವರ ಗಮನಕ್ಕೆ

‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರ? ಮೇಷ್ಟ್ರನ್ನು ಕೇಳಿದರೆ ಮೂರು. ಜಾವಾಸ್ಕ್ರಿಪ್ಟನ್ನು ಕೇಳಿದರೆ ಐದು, ಏಕೆಂದರೆ ವಿರಾಮವನ್ನೂ ಒತ್ತಿನ ನಕಾರವನ್ನೂ ಅದು ಬೇರೆಬೇರೆ ಎಣಿಸುತ್ತದೆ. ಬೈಟಿನಲ್ಲಿ ಹದಿನೈದು. ಜಾಲತಾಣದ ವಿಳಾಸದಲ್ಲಿ ಬಂದರೆ ಪ್ರತಿ ಬೈಟಿಗೂ ಶೇಕಡಾ ಗುರುತು ಸೇರಿ ನಲವತ್ತೈದು, ಅದಕ್ಕೇ ಕನ್ನಡ ಶೀರ್ಷಿಕೆಯ ಕೊಂಡಿ ಹಂಚಿಕೊಂಡಾಗ ಮಾರುದ್ದ ಆಗುವುದು. ಪಿಎಚ್‌ಪಿಯ ಹಳೆಯ ‘ಸಬ್‌ಸ್ಟ್ರ್’ ಬೈಟು ಎಣಿಸಿ ಕತ್ತರಿಸುತ್ತದೆ. ಒಂದು ಸಂಕೇತದ ಮೂರು ಬೈಟುಗಳ ನಡುವೆ ಕತ್ತರಿಸಿದರೆ ಕೊನೆಯಲ್ಲಿ ಕಪ್ಪು ವಜ್ರ. ‘ಎಂಬಿ_ಸಬ್‌ಸ್ಟ್ರ್’ ಬಳಸಿದರೆ ವಜ್ರ ಹೋಗುತ್ತದೆ, ಆದರೆ ‘ರಾಷ್ಟ್ರ’ ಎಂಬುದು ‘ರಾಷ್’ ಆಗಿ ನಿಲ್ಲಬಹುದು. ಸುದ್ದಿಯ ಸಾರಾಂಶಕ್ಕೆ ನನ್ನ ಸಲಹೆ ಸರಳ: ಅಕ್ಷರ ಎಣಿಸಬೇಡಿ, ಪದಗಳ ನಡುವಿನ ಖಾಲಿ ಜಾಗದಲ್ಲಿ ಕತ್ತರಿಸಿ.

ಹುಡುಕಾಟದಲ್ಲಿ ಬೇರೆ ತೊಡಕು. ‘ಕೋ’ ಎಂಬುದನ್ನು ಯೂನಿಕೋಡಿನಲ್ಲಿ ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಮೂರು ತುಂಡುಗಳಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಆಪಲ್‌ನ ಹಳೆಯ ಕಡತ ವ್ಯವಸ್ಥೆ ಕಡತದ ಹೆಸರುಗಳನ್ನು ತುಂಡು ಮಾಡಿಯೇ ಇಡುತ್ತಿತ್ತು. ಅಲ್ಲಿಂದ ಸರ್ವರಿಗೆ ಏರಿಸಿದ ‘ಕೋಲಾರ’ ಚಿತ್ರ ಪುಟದಲ್ಲಿ ತೆರೆಯದಿರಲು ಇದೇ ಕಾರಣ. ಉಳಿಸುವ ಮೊದಲು ಪಠ್ಯವನ್ನು ತುಂಡುಗಳನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತರುವುದು ರೂಢಿಯಾಗಲಿ. ಕಡತದ ಹೆಸರನ್ನಂತೂ ಇಂಗ್ಲಿಷಿನಲ್ಲೇ ಇಡಿ. ಕನ್ನಡಾಭಿಮಾನ ತೋರಿಸಲು ಬೇರೆ ಜಾಗಗಳಿವೆ.

ಕಾಣದ ಎರಡು ಅಕ್ಷರ

ಕನ್ನಡ ಪುಟಗಳಲ್ಲಿ ಎರಡು ಅದೃಶ್ಯ ಸಂಕೇತಗಳು ದುಡಿಯುತ್ತಿರುತ್ತವೆ. ಒಂದು ಅಂಟು ಬಿಡಿಸುವುದು, ಇನ್ನೊಂದು ಅಂಟಿಸುವುದು. ‘ಬ್ರೌಸರ್‌ನಲ್ಲಿ’ ಎಂದು ಬರೆಯಲು ‘ರ್’ ಆದಮೇಲೆ ಬಿಡಿಸುವ ಸಂಕೇತ ಬೇಕು. ಅದಿಲ್ಲದಿದ್ದರೆ ‘ಬ್ರೌಸರ್ನಲ್ಲಿ’ ಎಂದು ಅರ್ಕಾವತ್ತು ಏರಿ ಕೂರುತ್ತದೆ. ‘ರ‍್ಯಾಂಕ್’ ಎಂಬುದರಲ್ಲಿ ರಕಾರಕ್ಕೆ ಯ ಒತ್ತು ಬೇಕಾದರೆ ‘ರ’ ಮತ್ತು ವಿರಾಮದ ನಡುವೆ ಅಂಟಿಸುವ ಸಂಕೇತ ಇರಬೇಕು.

ಕಾಣದ ಅಕ್ಷರ ಅಪಾಯ ಎಂದು ನಂಬಿದ ಪ್ರೋಗ್ರಾಮರುಗಳು ಇನ್‌ಪುಟ್ ಶುದ್ಧ ಮಾಡುವ ಹೆಸರಿನಲ್ಲಿ ಇವೆರಡನ್ನೂ ಕಿತ್ತೆಸೆಯುತ್ತಾರೆ. ಜಾಲತಾಣದ ಎಲ್ಲ ‘ಸಾಫ್ಟ್‌ವೇರ್’ಗಳೂ ಒಂದೇ ರಾತ್ರಿಯಲ್ಲಿ ಒತ್ತಿನ ಮೇಲೆ ಒತ್ತು ಬಿದ್ದು ಓದಲಾಗದಂತೆ ಆಗುವುದು ಹೀಗೆ. ಬಳಕೆದಾರ ಹೆಸರಿನಲ್ಲಿ, ಪಾಸ್‌ವರ್ಡಿನಲ್ಲಿ ತೆಗೆದರೆ ಅಡ್ಡಿಯಿಲ್ಲ. ಬರಹದಲ್ಲಿ ತೆಗೆಯಬಾರದು. ಹುಡುಕುವಾಗ ಮಾತ್ರ ಎರಡೂ ಕಡೆಯಿಂದ ತಾತ್ಕಾಲಿಕವಾಗಿ ತೆಗೆದು ಹೋಲಿಸಬೇಕು, ಓದುಗ ಅದನ್ನು ಟೈಪಿಸುತ್ತಾನೋ ಇಲ್ಲವೋ ಹೇಳಲಾಗದು.

ಫಾಂಟನ್ನು ಹಗುರ ಮಾಡಲು ಬೇಡದ ಅಕ್ಷರ ಕಿತ್ತುಹಾಕುವಾಗಲೂ ಇದೇ ಎಡವಟ್ಟು. ಕನ್ನಡದ ಮನೆಗಳಾದ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ ಮಾತ್ರ ಉಳಿಸಿದರೆ ಸಾಲದು. ಬಿಡಿಸುವ, ಅಂಟಿಸುವ ಸಂಕೇತಗಳಾದ 200ಸಿ ಮತ್ತು 200ಡಿ, ರೂಪಾಯಿ ಗುರುತಾದ 20ಬಿ9, ಚುಕ್ಕಿವೃತ್ತವಾದ 25ಸಿಸಿ, ದೇವನಾಗರಿಯ ಸಾಲಿನಲ್ಲಿ ಕೂತಿರುವ ದಂಡಗಳು, ಇಷ್ಟೂ ಬೇಕು. ಪದದ ನಡುವಿನ ಕಾಣದ ಸಂಕೇತಕ್ಕಾಗಿ ಬ್ರೌಸರ್ ಬೇರೆ ಫಾಂಟಿಗೆ ಹೋದರೆ ಅಕ್ಷರದ ಕಟ್ಟು ಅಲ್ಲಿಯೇ ಮುರಿಯುತ್ತದೆ. ಜೊತೆಗೆ ಒತ್ತಕ್ಷರ ಕೂಡಿಸುವ ಜಿಎಸ್‌ಯುಬಿ ಕೋಷ್ಟಕ ಉಳಿದಿದೆಯೇ ನೋಡಿ. ಅದು ಹೋದರೆ ಒತ್ತಿನ ಬದಲು ವಿರಾಮ ಹೊತ್ತ ಅಕ್ಷರಗಳು ಸಾಲಾಗಿ ನಿಲ್ಲುತ್ತವೆ.

ಬ್ರೌಸರ್‌ನ ತಪ್ಪೋ, ನಮ್ಮದೋ

ವಿಂಡೋಸ್‌ನಲ್ಲಿ ಕನ್ನಡ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ, ತುಂಗಾ ಫಾಂಟಿನ ರೂಪದಲ್ಲಿ. ಅದೂ ಸಂಕೀರ್ಣ ಲಿಪಿಗಳ ಆಯ್ಕೆಗೆ ಟಿಕ್ ಹಾಕಿ, ಸಿಡಿ ಕೊಟ್ಟು ಅನುಸ್ಥಾಪಿಸಿದರೆ ಮಾತ್ರ ಒತ್ತುಗಳು ಒತ್ತಿನ ಜಾಗಕ್ಕೆ ಹೋಗುತ್ತಿದ್ದವು. ಫೋನುಗಳ ಕಥೆ ಇನ್ನೂ ತಡ. ಆ್ಯಂಡ್ರಾಯ್ಡ್‌ಗೆ ಕನ್ನಡ ಬರಲು 2012ರ ಜೆಲ್ಲಿ ಬೀನ್ ಬೇಕಾಯಿತು. ಅದಕ್ಕೆ ಮುಂಚೆ ಫೋನಿನಲ್ಲಿ ಕನ್ನಡ ಓದಬೇಕಾದವರು ಒಪೆರಾ ಮಿನಿಯ ಗುಪ್ತ ಸೆಟ್ಟಿಂಗಿಗೆ ಹೋಗಿ ಸಂಕೀರ್ಣ ಲಿಪಿಗಳನ್ನು ಚಿತ್ರವಾಗಿ ತೋರಿಸು ಎಂದು ಹೇಳುತ್ತಿದ್ದರು. ಸರ್ವರಿನಲ್ಲೇ ಅಕ್ಷರ ಚಿತ್ರವಾಗಿ ಫೋನಿಗೆ ಬರುತ್ತಿತ್ತು. ಒಂದು ತಲೆಮಾರಿನ ಕನ್ನಡಿಗರು ಫೋನಿನಲ್ಲಿ ಮೊದಲು ಸುದ್ದಿ ಓದಿದ್ದೇ ಹೀಗೆ.

ಈಗ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರೂ ಅಕ್ಷರ ಜೋಡಿಸಲು ಹಾರ್ಫ್‌ಬಜ್ ಎಂಬ ಒಂದೇ ಮುಕ್ತ ತಂತ್ರಾಂಶವನ್ನು ಬಳಸುತ್ತವೆ. ಸಫಾರಿಯದು ಆಪಲ್‌ನದೇ ಯಂತ್ರ. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್‌ನಲ್ಲಿ ನಿವೃತ್ತವಾಯಿತು. ಆದ್ದರಿಂದ ಅಕ್ಷರಜೋಡಣೆಯ ಪರೀಕ್ಷೆಗೆ ಒಂದು ಕ್ರೋಮ್, ಒಂದು ಐಫೋನ್, ಒಂದು ಹಳೆಯ ಅಗ್ಗದ ಆ್ಯಂಡ್ರಾಯ್ಡ್ ಫೋನ್ ಇದ್ದರೆ ಹೆಚ್ಚಿನ ಪಾಲು ಮುಗಿಯುತ್ತದೆ. ಎಲ್ಲದರಲ್ಲೂ ಒಂದೇ ರೀತಿ ಒಡೆದರೆ ತಪ್ಪು ನಮ್ಮ ಪಠ್ಯದಲ್ಲಿ ಅಥವಾ ಫಾಂಟಿನಲ್ಲಿ. ಒಂದರಲ್ಲಿ ಮಾತ್ರ ಒಡೆದರೆ ಆಗ ಬ್ರೌಸರನ್ನು ಬೈಯಬಹುದು.

ಬ್ರೌಸರಿನ ದೋಷ ಎಂದು ಬರುವ ದೂರುಗಳಲ್ಲಿ ಹೆಚ್ಚಿನವು ನಿಜಕ್ಕೂ ವಿನ್ಯಾಸದವು. ಇಂಗ್ಲಿಷಿಗೆಂದು ಕಟ್ಟಿದ ಚೌಕಟ್ಟಿಗೆ ಕನ್ನಡ ತುಂಬಿದಾಗ ಒತ್ತುಗಳ ಬುಡ ಕತ್ತರಿಸಿಹೋಗುತ್ತದೆ. ‘ಸ್ತ್ರೀ’, ‘ರಾಷ್ಟ್ರ’ಗಳಲ್ಲಿ ಎರಡು ಒತ್ತು ಕೆಳಗಿಳಿಯುತ್ತವೆ. ಸಾಲಿನ ಎತ್ತರ 1.2 ಇಟ್ಟರೆ ಅವು ಕೆಳಗಿನ ಸಾಲನ್ನು ತಿವಿಯುತ್ತವೆ. 1.6ರಿಂದ 1.8 ಇಡಿ, ಗುಂಡಿಗಳಿಗೆ ನಿಗದಿತ ಎತ್ತರ ಕೊಡಬೇಡಿ. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವ ಸಿಎಸ್‌ಎಸ್ ಅಲಂಕಾರ ಕನ್ನಡಕ್ಕೆ ಬೇಡ. ಪ್ಯಾರಾದ ಮೊದಲ ಅಕ್ಷರವನ್ನು ದೊಡ್ಡದಾಗಿಸುವ ಸೌಲಭ್ಯವೂ ಒತ್ತಕ್ಷರ ಬಂದಾಗ ಒಂದೊಂದು ಬ್ರೌಸರಿನಲ್ಲಿ ಒಂದೊಂದು ರೀತಿ ವರ್ತಿಸಬಹುದು. ದಪ್ಪ ಅಕ್ಷರ ಬೇಕಾದರೆ ದಪ್ಪ ರೂಪವಿರುವ ಫಾಂಟನ್ನೇ ಆರಿಸಿ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡದಂಥ ಉಚಿತ ಫಾಂಟುಗಳಲ್ಲಿ ಅದಿದೆ. ಇಲ್ಲದ ಫಾಂಟಿಗೆ ಬ್ರೌಸರ್ ತಾನೇ ಮಸಿ ಬಳಿದು ದಪ್ಪ ಮಾಡುತ್ತದೆ, ಸೊನ್ನೆಗಳ ಹೊಟ್ಟೆ ಮುಚ್ಚಿಹೋಗುತ್ತದೆ.

ಮಹಾರಾಷ್ಟ್ರದ ಗಡಿಯ ಜತ್ತ, ಅಕ್ಕಲಕೋಟೆಯ ಕಡೆ ಕನ್ನಡ ಶಾಲೆಗಳಿವೆ. ಅಂಥ ಊರುಗಳಿಗಾಗಿ ಕನ್ನಡ-ಮರಾಠಿ ಎರಡನ್ನೂ ಒಂದೇ ಪುಟದಲ್ಲಿ ಕೊಡುವವರು ಭಾಷೆ ಯಾವುದೆಂದು ಹೇಳುವ ‘ಲ್ಯಾಂಗ್’ ಗುಣವನ್ನು ಪ್ರತಿ ಭಾಗಕ್ಕೂ ಬರೆಯಲಿ. ಕಣ್ಣು ಕಾಣದವರಿಗೆ ಪುಟ ಓದಿಹೇಳುವ ತಂತ್ರಾಂಶ ಯಾವ ಭಾಷೆಯಲ್ಲಿ ಓದಬೇಕೆಂದು ತಿಳಿಯುವುದು ಅದರಿಂದಲೇ. ಇನ್ನೊಂದು ಲಾಭ ಹೆಚ್ಚಿನವರಿಗೆ ಗೊತ್ತಿಲ್ಲ. ದೇವನಾಗರಿಯ ‘ಲ’ ಮತ್ತು ‘ಶ’ಗಳನ್ನು ಮರಾಠಿಯವರು ಬರೆಯುವ ಆಕಾರ ಹಿಂದಿಯವರದ್ದಲ್ಲ. ಮರಾಠಿ ಎಂದು ಹೇಳಿದರೆ, ಆ ರೂಪಗಳುಳ್ಳ ಫಾಂಟು ಮರಾಠಿ ಆಕಾರವನ್ನೇ ತೋರಿಸುತ್ತದೆ. ಹೇಳದಿದ್ದರೆ ಬಾರಾಮತಿಯ ಓದುಗನಿಗೂ ಹಿಂದಿಯ ‘ಲ’.

ಪರೀಕ್ಷೆಗೆ ಒಂದು ಸಾಲನ್ನು ಸಿದ್ಧವಾಗಿ ಇಟ್ಟುಕೊಳ್ಳಿ: ‘ರ‍್ಯಾಂಕ್ ಪಡೆದ ಸ್ತ್ರೀ ರಾಷ್ಟ್ರದ ಬ್ರೌಸರ್‌ನಲ್ಲಿ ಕೋಲಾರದ ಝರಿ, ಐದು ಏಲಕ್ಕಿ, ₹100 ಧರ್ಮಾರ್ಥ 😊’. ಅರ್ಥ ಹುಡುಕಬೇಡಿ. ಇದನ್ನು ಜಾಲತಾಣದ ಮೂಲಕವೇ ಡೇಟಾಬೇಸಿಗೆ ಹಾಕಿ, ಪುಟದಲ್ಲಿ ಓದಿ, ಸಿಎಸ್‌ವಿಗೆ ಇಳಿಸಿ, ಮಿಂಚಂಚೆಯಲ್ಲಿ ಕಳಿಸಿ, ಹುಡುಕಿ ನೋಡಿ. ಈ ಲೇಖನದಲ್ಲಿ ಹೇಳಿದ ತೊಂದರೆಗಳಲ್ಲಿ ಹೆಚ್ಚಿನವು ಇದ್ದರೆ ಅಲ್ಲೇ ಸಿಕ್ಕಿಬೀಳುತ್ತವೆ.

ಓದುಗರಿಗೂ ಒಂದು ಕೋರಿಕೆ. ಯಾವುದಾದರೂ ಕನ್ನಡ ಜಾಲತಾಣದಲ್ಲಿ ಅಕ್ಷರ ಒಡೆದದ್ದು ಕಂಡರೆ ಅವರಿಗೆ ತಿಳಿಸಿ. ಪರದೆಯ ಫೋಟೊ ಒಂದನ್ನೇ ಕಳಿಸಬೇಡಿ. ಪುಟದ ವಿಳಾಸ, ಫೋನಿನ ಮಾದರಿ, ಬ್ರೌಸರಿನ ಹೆಸರು ಮತ್ತು ಆವೃತ್ತಿ, ಒಡೆದ ಪದದ ನಕಲು, ಈ ನಾಲ್ಕನ್ನೂ ಸೇರಿಸಿ. ಅಷ್ಟಿದ್ದರೆ ದುರಸ್ತಿ ಮಾಡುವವರಿಗೆ ಎಲ್ಲಿಂದ ಶುರುಮಾಡಬೇಕೆಂದು ಗೊತ್ತಾಗುತ್ತದೆ.